ಎತ್ತಲಾಗದ ಮನೆ

ಮನೆ ಎತ್ತುವುದು ನನ್ನ ಕೆಲಸ ಎಂದರೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದವರು ನಗುತ್ತಾರೆ. ಎತ್ತಿ ಎಲ್ಲಿಗೆ ತಕೊಂಡು ಹೋಗುವುದು ಎಂದು ಕೇಳಿದವರೂ ಇದ್ದಾರೆ. ಎಲ್ಲಿಗೂ ಇಲ್ಲ ಮಾರಾಯ್ರೆ, ಇದ್ದಲ್ಲೇ. ಮನೆಯ ಅಡಿಗೆ ಸಾಲಾಗಿ ಜಾಕಿ ಕೊಟ್ಟು, ಗೋಡೆ, ಮೇಲಿನ ಮಾಡು ಸಮೇತ ಮೇಲಕ್ಕೆ ಎಬ್ಬಿಸಿ, ಕೆಳಗೆ ಉಳಿದ ಖಾಲಿ ಜಾಗಕ್ಕೆ ಹೊಸ ಕಲ್ಲು ಕಟ್ಟುವುದು. ಮಳೆಗಾಲದಲ್ಲಿ ನೀರು ನುಗ್ಗುವ ಮನೆಗೆ ಇದೊಂದು ಮದ್ದು. ಮಂಗಳೂರಿನಲ್ಲಿ ಈ ಮದ್ದಿಗೆ ಗಿರಾಕಿಗಳು ಕಡಿಮೆಯಿಲ್ಲ. ಪ್ರತಿ ಸಲ ಕಾಂಕ್ರೀಟು ಹೊದ್ದು ರಸ್ತೆ ಮೇಲೇರುತ್ತದೆ, ಮನೆಗಳು ಗುಂಡಿಯಲ್ಲಿ ಉಳಿಯುತ್ತವೆ. ಕೊಟ್ಟಾರದ ಆ ಒಂದು ಕೆಲಸ ಮುಗಿದ ಮೇಲೆ ಈ ನಗುವವರಿಗೆ ನಾನು ನಕ್ಕು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಹೆದ್ದಾರಿಯಿಂದ ಕೆಳಗಿಳಿಯುವ ಒಂದು ಓಣಿ. ಓಣಿಯ ಕೊನೆಗೆ ಅಕ್ಕಪಕ್ಕ ಎರಡು ಮನೆ, ಅವುಗಳ ಹಿಂದೆ ಮಳೆನೀರು ಹರಿದು ಹೊಳೆಗೆ ಸೇರುವ ತೋಡು, ತೋಡಿನ ಆಚೆ ಬೈಲು. ಒಂದು ಮನೆ ಹಾಸಿಗೆ ಅಂಗಡಿಯ ಹಾಜಿಯವರದು. ಹತ್ತಿ ಹಾಸಿಗೆ, ದಿಂಬು ಹೊಲಿಸಿ ಮಾರುವ ವ್ಯಾಪಾರ. ಸರಕಿನ ಅರ್ಧ ಮನೆಯ ಹಿಂದಿನ ಕೋಣೆಯಲ್ಲೇ ಇರುತ್ತದೆ. ನೀರು ಕುಡಿದ ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೂ ಅಷ್ಟೇ, ಬೆಂಕಿಗೆ ಹಾಕಿದರೂ ಅಷ್ಟೇ. ಇನ್ನೊಂದು ಮನೆ ಹಿಟ್ಟಿನ ಅಕ್ಕನದು. ಬೆಳಗಾಗುವ ಮೊದಲೇ ಆ ಮನೆಯಲ್ಲಿ ಗ್ರೈಂಡರುಗಳ ಸದ್ದು. ದೋಸೆ ಹಿಟ್ಟು, ಇಡ್ಲಿ ಹಿಟ್ಟು ಪ್ಯಾಕೆಟಾಗಿ ಸುತ್ತಲಿನ ಅಂಗಡಿ, ಹೋಟೆಲುಗಳಿಗೆ ಹೋಗುತ್ತದೆ. ಗಂಡ ತೀರಿಹೋದ ಮೇಲೆ ಆ ಗ್ರೈಂಡರುಗಳೇ ಅವರ ಅನ್ನ. ನೆರೆ ಬಂದಾಗಲೆಲ್ಲ ಅವುಗಳ ಮೋಟಾರು ಸುಟ್ಟುಹೋಗುತ್ತಿತ್ತು.

ಬೈಲು ಎಂದರೆ ಹಿಂದೆ ಗದ್ದೆಯಾಗಿದ್ದ ತಗ್ಗು. ಈಗ ಬೇಸಾಯವಿಲ್ಲ, ಹುಲ್ಲು ಬೆಳೆದು ಬಿದ್ದಿದೆ. ಪತ್ರಿಕೆಯವರು ಅದನ್ನು ಖಾಲಿ ಜಾಗ ಎಂದು ಬರೆಯುತ್ತಾರೆ. ಅದು ಖಾಲಿಯಲ್ಲ. ಜೋರು ಮಳೆಗೂ ಕಡಲಿನ ಉಬ್ಬರಕ್ಕೂ ತಾಳೆಯಾದ ದಿನ ತೋಡಿನ ನೀರಿಗೆ ಹೊಳೆಯ ಬಾಗಿಲು ಮುಚ್ಚಿರುತ್ತದೆ. ಆಗ ಅದು ಬೈಲಿಗೆ ಹರಡಿಕೊಂಡು, ಇಳಿತ ಬರುವ ತನಕ ಅಲ್ಲೇ ಕಾದು, ಮತ್ತೆ ತೋಡಿಗೆ ಇಳಿದು ಹೋಗುತ್ತದೆ. ನೀರು ಕೂತುಕೊಳ್ಳುವ ಚಾವಡಿ ಅದು. ಆ ಚಾವಡಿಗೆ ಕೆಂಪು ಮಣ್ಣು ತುಂಬಿಸಿ ಮೇಲೆ ಫ್ಲ್ಯಾಟು ಕಟ್ಟುತ್ತೇನೆಂದು ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದ. ಆಕ್ಷೇಪಣೆ ಇದ್ದವರು ಹೇಳಬಹುದು ಎಂಬ ಪ್ರಕಟಣೆ ಬಂದಾಗ ಇಡೀ ಓಣಿಯಲ್ಲಿ ಸಹಿ ಹಾಕಿದ್ದು ಈ ಎರಡು ಮನೆಯವರು ಮಾತ್ರ. ಉಳಿದವರಿಗೆ ಫ್ಲ್ಯಾಟು ಬಂದರೆ ತಮ್ಮ ಜಾಗದ ರೇಟೂ ಏರುತ್ತದೆಂಬ ಲೆಕ್ಕ.

ಹಾಜಿಯವರು ನನ್ನನ್ನು ಕರೆದದ್ದು ಆ ತಕರಾರಿಗಾಗಿ ಅಲ್ಲ, ಮನೆ ಎತ್ತಲು. ರಂಜಾನ್ ಮುಗಿದ ಕೂಡಲೇ ಕೆಲಸ ಶುರು ಮಾಡಿದೆವು. ಮಳೆಗೆ ಮೊದಲು ಮುಗಿಯಬೇಕಿತ್ತು. ಮೊದಲ ಜಗಳ ಎತ್ತರದ್ದು. ಇಲ್ಲಿ ಎಲ್ಲರೂ ರಸ್ತೆಯಿಂದ ಅಳೆಯುತ್ತಾರೆ. ರಸ್ತೆಗಿಂತ ಎರಡಡಿ ಮೇಲೆ ಇದ್ದರೆ ಸಾಕು ಎಂದರು ಹಾಜಿಯವರು. ರಸ್ತೆ ನಿಂತಲ್ಲಿ ನಿಲ್ಲುವ ಪ್ರಾಣಿಯಾ? ಬರುವ ವರ್ಷ ಅದೇ ಎರಡಡಿ ಏರಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅವರ ಮಲಗುವ ಕೋಣೆಯಲ್ಲಿ ಹಳೆಯ ಕಬ್ಬಿಣದ ಕಪಾಟೊಂದಿತ್ತು, ನೆರೆನೀರು ನಿಂತ ಗುರುತಿಗೆ ಸರಿಯಾಗಿ ಅದರ ಮೈಗೆ ತುಕ್ಕಿನ ಪಟ್ಟಿ ಬಂದಿತ್ತು. ಆ ಪಟ್ಟಿಯನ್ನೇ ಲೆಕ್ಕಕ್ಕೆ ಹಿಡಿದು, ಮೇಲೆ ಇನ್ನಷ್ಟು ಸೇರಿಸಿ, ನಾಲ್ಕಡಿ ಎತ್ತಬೇಕು ಎಂದು ಪಟ್ಟು ಹಿಡಿದೆ. ಮೆಟ್ಟಿಲು ಹತ್ತಲು ಹೆಂಡತಿಗೆ ಮಂಡಿನೋವು ಎಂದು ಅವರು ಗೊಣಗಿದರು. ಕೊನೆಗೆ ಅವರ ಹೆಂಡತಿಯೇ ಒಳಗಿನಿಂದ, ಮಂಡಿ ನನ್ನದು, ನೀವು ಸುಮ್ಮನಿರಿ ಎಂದ ಮೇಲೆ ತೀರ್ಮಾನವಾಯಿತು.

ಗೋಡೆಯ ಎರಡೂ ಬದಿ ಮಣ್ಣು ಅಗೆದು ಪಂಚಾಂಗದ, ಎಂದರೆ ತಳಪಾಯದ, ಕಲ್ಲನ್ನು ಬಿಡಿಸಿಕೊಂಡೆವು. ಪುಣ್ಯಕ್ಕೆ ಅದರ ಮೇಲೆ ಸುತ್ತಲೂ ಕಾಂಕ್ರೀಟಿನ ಬೆಲ್ಟು ಇತ್ತು. ಬೆಲ್ಟು ಇದ್ದರೆ ಮನೆಯನ್ನು ಹರಿವಾಣದಲ್ಲಿ ಇಟ್ಟ ಹಾಗೆ, ಒಟ್ಟಿಗೆ ಏಳುತ್ತದೆ. ಅದರ ಕೆಳಗಿನ ಕೆಂಪುಕಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ತೆಗೆದು, ಆ ಗೂಡಿನಲ್ಲಿ ದಪ್ಪ ಕಬ್ಬಿಣದ ತಗಡು ಹಾಸಿ ಜಾಕಿ ಕೂರಿಸಬೇಕು. ಅವಸರದಲ್ಲಿ ಪಕ್ಕಪಕ್ಕದ ಎರಡು ಕಲ್ಲು ಒಟ್ಟಿಗೆ ತೆಗೆದರೆ ಕತೆ ಮುಗಿಯಿತು. ಜಾಕಿಗಳೆಲ್ಲ ಬಿಗಿಯಾದ ಮೇಲೆ ಉಳಿದ ಕಲ್ಲುಗಳನ್ನೂ ತೆಗೆಯುತ್ತೇವೆ. ಆಗ ಮನೆ ಪೂರ್ತಿ ಜಾಕಿಗಳ ಮೇಲೆ ನಿಲ್ಲುತ್ತದೆ. ಮೇಸ್ತ್ರಿ ಸೀಟಿ ಊದಿದಾಗ ಎಲ್ಲರೂ ತಮ್ಮ ತಮ್ಮ ಜಾಕಿಗೆ ಒಂದೇ ಅಳತೆಯ ತಿರುವು ಕೊಡಬೇಕು, ಮತ್ತೆ ಸೀಟಿ, ಮತ್ತೆ ತಿರುವು. ನೀರು ತುಂಬಿದ ಟ್ಯೂಬು ಹಿಡಿದು ಮೂಲೆ ಮೂಲೆಯ ಮಟ್ಟ ನೋಡುವುದು ನನ್ನ ಪಾಲಿನ ಕೆಲಸ. ಸ್ವಲ್ಪ ಎದ್ದ ಮೇಲೆ ಕಲ್ಲು ತುರುಕಿ, ಜಾಕಿ ಬಿಚ್ಚಿ, ಮೇಲಿಟ್ಟು, ಮತ್ತೆ ಅದೇ.

ಹಾಜಿಯವರ ಹೆಂಡತಿ ಮನೆ ಬಿಟ್ಟು ಹೋಗಲು ಒಪ್ಪಲಿಲ್ಲ. ಮನೆ ಜಾಕಿಯ ಮೇಲಿದ್ದಷ್ಟು ದಿನವೂ ಒಳಗೆ ಅಡುಗೆ ಮಾಡಿಕೊಂಡೇ ಇದ್ದರು. ಅಡುಗೆಮನೆಯ ಕಿಟಕಿಯಿಂದ ನಮಗೆ ಚಹಾ ಕೊಡುವರು. ಮೊದಲ ದಿನ ಎದೆಯ ಮಟ್ಟಕ್ಕೆ ಬರುತ್ತಿದ್ದ ಲೋಟವನ್ನು ಕೊನೆಕೊನೆಗೆ ಕೈ ಮೇಲೆತ್ತಿ ಇಸಿದುಕೊಳ್ಳಬೇಕಾಯಿತು.

ಅರ್ಧ ಎತ್ತಿದಾಗ ಬೇಸಿಗೆಯ ಮಳೆ ಹೊಡೆಯಿತು. ಗೋಡೆಯ ಬದಿ ಅಗೆದ ಚರಂಡಿ ತುಂಬಿ, ತೋಡಿನ ಕಡೆಯ ಮೂಲೆಯಲ್ಲಿ ಜಾಕಿಗಳ ತಗಡು ಕೆಸರಿಗೆ ಇಳಿಯತೊಡಗಿತು. ಆ ಮೂಲೆ ಹಿಂದೆ ಬೈಲಿನದೇ ತುಂಡು, ಮಣ್ಣು ಹಾಕಿ ಎತ್ತರಿಸಿದ್ದು ಎಂದು ಹಾಜಿಯವರು ಆಗ ನೆನಪು ಮಾಡಿಕೊಂಡರು. ಟ್ಯೂಬಿನಲ್ಲಿ ಮಟ್ಟ ಜಾರುವುದು ನನ್ನ ಕಣ್ಣಿಗೆ ಕಾಣುತ್ತಿತ್ತು, ಅಡುಗೆಮನೆಯ ಬಾಗಿಲ ಮೇಲೆ ಬಿರುಕು ಬಿಟ್ಟ ಸದ್ದೂ ಕೇಳಿತು. ಹಾಜಿಯವರ ಹೆಂಡತಿಯನ್ನು ಬೈದು ಹೊರಗೆ ಕರೆಸಿ, ಪಂಪು ಇಟ್ಟು ನೀರು ತೆಗೆದು, ಆ ಮೂಲೆಗೆ ಮರದ ದಿಮ್ಮಿ ಅಡ್ಡ ಜೋಡಿಸಿ, ಒಂದೊಂದೇ ಜಾಕಿಯ ಕೆಳಗೆ ಕಾಂಕ್ರೀಟು ಹಾಕಿದೆವು. ಅದು ಗಟ್ಟಿಯಾಗುವ ತನಕ ಯಾರೂ ಸೀಟಿ ಮುಟ್ಟಬಾರದು ಎಂದೆ.

ಕೆಲಸ ನಿಂತ ಆ ದಿನಗಳಲ್ಲೇ ಹಿಟ್ಟಿನ ಅಕ್ಕ ನನ್ನನ್ನು ಒಳಗೆ ಕರೆದರು. ಇಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲೇ, ಕನ್ನಡ ಕಚೇರಿಗೆ ಹೋದಾಗ. ತಮ್ಮ ಮನೆಯನ್ನೂ ಎತ್ತಬಹುದೇ ಎಂದು ಕೇಳಿದರು. ನಾನು ಹಿಂಬದಿಯ ಗೋಡೆಯ ಬುಡದಲ್ಲಿ ಒಂದು ಕಲ್ಲು ತೆಗೆಸಿ ನೋಡಿದೆ. ಕಲ್ಲಿನ ಹಿಂದೆಯೇ ಗಾರೆ ಸುರಿಯಿತು, ಗಾರೆಯಲ್ಲ, ಬರೀ ಮಣ್ಣು. ಅವರ ಮಾವನ ಕಾಲದ ಮನೆ, ಮಣ್ಣಿನಲ್ಲಿ ಕೂರಿಸಿದ ಕೆಂಪುಕಲ್ಲು, ಬೆಲ್ಟಿಲ್ಲ. ಇಂಥ ಗೋಡೆ ತನ್ನ ಭಾರದಲ್ಲಿ ತಾನು ಕುಳಿತು ನೂರು ವರ್ಷ ನಿಲ್ಲುತ್ತದೆ. ಆದರೆ ಬುಡಕ್ಕೆ ಕೈ ಹಾಕಿ ಎಬ್ಬಿಸಲು ಹೋದರೆ ಕಲ್ಲು ಕಲ್ಲಾಗಿ ಉದುರುತ್ತದೆ. ಆ ಕಲ್ಲನ್ನು ನಾನೇ ನಿಂತು ಸಿಮೆಂಟು ಹಾಕಿ ಮತ್ತೆ ಕೂರಿಸಿದೆ. ಆಗುವುದಿಲ್ಲ ಅಕ್ಕ ಎಂದೆ.

ಅವರು ವಾದಿಸಲಿಲ್ಲ. "ಹಾಗಾದ್ರೆ ನನಗೆ ಬೈಲು ಉಳಿದ್ರೆ ಸಾಕು ಮೇಡಂ," ಎಂದರು. "ಈಗ ಬರುವ ನೀರು ಪಾದ ಮುಳುಗುವಷ್ಟು, ಹೆಚ್ಚೆಂದ್ರೆ ಮೊಣಕಾಲು. ಅದನ್ನು ಹೇಗೋ ಸುಧಾರಿಸ್ತೇನೆ. ಅದಕ್ಕಿಂತ ಮೇಲೆ ಬಂದ್ರೆ ನಾನು ಇಲ್ಲಿ ಹಿಟ್ಟು ರುಬ್ಬಿಕೊಂಡು ಬದುಕ್ಲಿಕ್ಕಿಲ್ಲ."

ಹಾಜಿಯವರ ಮನೆ ಏರಿ ನಿಂತಿತು. ಓಣಿಯವರು ಬಂದು ಫೋಟೋ ತೆಗೆದುಕೊಂಡು ಹೋದರು. ಆಕ್ಷೇಪಣೆಯ ವಿಚಾರಣೆಯ ದಿನ ಹತ್ತಿರವಾದಾಗ ಹಾಜಿಯವರಿಗೆ ಒಂದು ಉಪಾಯ ಹೊಳೆಯಿತು. ಇಷ್ಟು ಕಷ್ಟಪಟ್ಟು ಮನೆ ಎತ್ತಿಸಿದ್ದೇನೆಂದರೆ ಇಲ್ಲಿನ ನೆರೆ ಎಂಥದ್ದೆಂದು ಅಧಿಕಾರಿಗೆ ಗೊತ್ತಾಗಲಿ, ಇಂಜಿನಿಯರ್ ಆಗಿ ನೀವೊಂದು ಸರ್ಟಿಫಿಕೇಟು ಕೊಡಿ, ತಕರಾರಿನ ಜೊತೆ ಲಗತ್ತಿಸುತ್ತೇನೆ ಎಂದರು. ನನಗೂ ಸರಿಯೆನಿಸಿತು. ಗಾಯ ತೋರಿಸಬೇಕಾದರೆ ಪಟ್ಟಿ ಕಟ್ಟಿದ್ದನ್ನು ತೋರಿಸುವುದಲ್ಲವೇ? ಕೆಲಸದ ವಿವರ ಬರೆದು, ಮನೆಯ ನೆಲ ಇಲ್ಲಿ ತನಕ ಕಂಡ ನೆರೆಗಿಂತ ಎತ್ತರದಲ್ಲಿದೆ, ಒಳಗೆ ನೀರು ಬರುವ ಸಂಭವವಿಲ್ಲ ಎಂದು ಸಹಿ ಹಾಕಿ ಕೊಟ್ಟೆ. ನನ್ನ ಕೆಲಸದ ಬಗ್ಗೆ ಸ್ವಲ್ಪ ಹೆಮ್ಮೆಯಿಂದಲೇ ಬರೆದೆ.

ವಿಚಾರಣೆ ನಡೆದ ಕಚೇರಿ ಊರಿನ ಎತ್ತರದ ಭಾಗದಲ್ಲಿತ್ತು, ಅಲ್ಲಿ ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಹಾಜಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಅಕ್ಕ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಬಿಲ್ಡರನ ವಕೀಲರ ಕೈಯಲ್ಲಿ ನಮ್ಮದೇ ಲಗತ್ತಿನ ನಕಲು ಇತ್ತು. ಅವರು ಹೆಚ್ಚು ಮಾತಾಡಲೇ ಇಲ್ಲ, ನನ್ನ ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿದರು ಅಷ್ಟೇ. ನನ್ನ ವಾಕ್ಯಗಳು ಅವರ ಬಾಯಲ್ಲಿ ಬಹಳ ಚೆಂದ ಕೇಳಿಸಿದವು.

ಅಧಿಕಾರಿ ಹಾಜಿಯವರ ಕಡೆ ತಿರುಗಿದರು. ನಿಮ್ಮ ಮನೆಗೆ ನೀರು ಬರುವುದಿಲ್ಲವೆಂದು ನಿಮ್ಮ ಇಂಜಿನಿಯರೇ ಬರೆದಿದ್ದಾರೆ, ಹಾಗಿರುವಾಗ ಬೈಲು ತುಂಬಿಸಿದರೆ ನಿಮಗೇನು ನಷ್ಟ ಎಂದು ಕೇಳಿದರು. ಹಾಜಿಯವರು ಎದ್ದು ನಿಂತು ಹೇಳಿದರು: "ನನ್ನ ಮನೆಗೆ ಬರ್ಲಿಕ್ಕಿಲ್ಲ ಸರ್. ಆದ್ರೆ ನೀರಿಗೂ ಒಂದು ಮನೆ ಬೇಕಲ್ಲ? ಅದನ್ನು ನೀವು ತುಂಬಿಸಿದ್ರೆ ನೀರು ಇವರ ಮನೆಗೆ ಬರ್ತದೆ."

ನಷ್ಟವಿಲ್ಲದವರ ಆಕ್ಷೇಪಣೆ ಪರಿಗಣಿಸಲು ಬರುವುದಿಲ್ಲ ಎಂದು ಗುಮಾಸ್ತರಿಗೆ ಹೇಳಿ ಬರೆಸಿದರು ಅಧಿಕಾರಿ. ಉಳಿದದ್ದು ಅಕ್ಕನೊಬ್ಬರದು. ಪಕ್ಕದವರ ಹಾಗೆ ನೀವೂ ಮನೆ ಎತ್ತಿಸಬಹುದಲ್ಲ ಎಂದು ಅವರನ್ನು ಕೇಳಿದರು. ಅಕ್ಕನಿಗೆ ಕಚೇರಿಯ ಕನ್ನಡ ಬಾಯಿಗೆ ಬರಲಿಲ್ಲ, ನನ್ನ ಮುಖ ನೋಡಿದರು. ಅಧಿಕಾರಿಯೂ ನನ್ನನ್ನು ನೋಡಿದರು.

"ಇಂಜಿನಿಯರ್ ಮೇಡಂ, ನೀವೇ ಹೇಳಿ. ಇವರ ಮನೆ ಎತ್ತಲಿಕ್ಕೆ ಆಗ್ತದಾ, ಇಲ್ವಾ?"

ಆಗುತ್ತದೆ ಎಂದರೆ ತಕರಾರು ಅಲ್ಲಿಗೆ ಮುಗಿಯುತ್ತದೆ: ಮದ್ದು ಇದೆ, ಕುಡಿಯಲಿಲ್ಲವಾದರೆ ರೋಗಿಯ ತಪ್ಪು. ಆಮೇಲೆ ಆ ಮನೆಯನ್ನು ಎತ್ತಲು ಬರುವವರು ಯಾರು? ನಾನಲ್ಲದಿದ್ದರೆ ಇನ್ನೊಬ್ಬರು. ಗೋಡೆ ಉದುರುವಾಗ ಒಳಗೆ ಅಕ್ಕ ಇರುತ್ತಾರೆ. ಹಾಗಾಗಿ ನಾನು ಆಗುವುದಿಲ್ಲ ಎಂದೆ. ಮಣ್ಣಿನಲ್ಲಿ ಕಟ್ಟಿದ ಗೋಡೆ, ಬೆಲ್ಟಿಲ್ಲ, ಜಾಕಿ ಕೊಟ್ಟರೆ ಬೀಳುತ್ತದೆ, ಈ ಮನೆಗೆ ಇರುವ ರಕ್ಷಣೆ ಬೈಲು ಒಂದೇ ಎಂದು ಹೇಳಿದೆ. ಹೇಳಿ ಮುಗಿಸುವುದರೊಳಗೆ ವಕೀಲರು ಎದ್ದರು. ಹಾಗಾದರೆ ಕಟ್ಟಡವೇ ದುರ್ಬಲ ಎಂದಾಯಿತು, ನೆರೆಯಿಂದ ನಷ್ಟ ಎನ್ನುವುದು ಹೇಗೆ ಎಂದರು. ಅತ್ತ ದರಿ, ಇತ್ತ ಪುಲಿ. ನಾನು ಎದ್ದು ನಿಂತೆ. ಎತ್ತಲು ಆಗುವುದಿಲ್ಲ ಎಂದರೆ ನಿಲ್ಲಲು ಆಗುವುದಿಲ್ಲ ಎಂದಲ್ಲ, ನಿಮ್ಮ ಅಜ್ಜಿಯನ್ನು ಎತ್ತಿ ಓಡಲು ಆಗದಿದ್ದರೆ ಅಜ್ಜಿ ಸತ್ತರು ಎಂದಾಗುತ್ತದಾ ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತು. ಅಧಿಕಾರಿ ನಕ್ಕರು. ಗುಮಾಸ್ತರು ನನ್ನ ಹೇಳಿಕೆಯ ಮೊದಲರ್ಧ ಮಾತ್ರ ಟೈಪು ಮಾಡಿದರು. ಎರಡನೆಯ ಅರ್ಧವನ್ನೂ ಸೇರಿಸಿ ಎಂದು ಕೇಳಿದ್ದಕ್ಕೆ, ಅದು ವಾದ, ಹೇಳಿಕೆಯಲ್ಲ ಎಂದರು.

ಹೊರಗೆ ಬಂದು ಅಕ್ಕನಿಗೆ ನಡೆದದ್ದನ್ನು ಬಿಡಿಸಿ ಹೇಳಿದೆ. ಅವರು ಕೈ ಬೀಸಿ ರಿಕ್ಷಾ ನಿಲ್ಲಿಸಿದರು. ಸತ್ಯ ಹೇಳಿದ್ದಕ್ಕೆ ನಿಮ್ಮ ಮೇಲೆ ಬೇಜಾರು ಮಾಡಲು ಆಗುತ್ತದಾ ಎಂದು ಕೇಳಿ, ಸಂಜೆಯ ಅಕ್ಕಿ ನೆನೆಹಾಕಬೇಕೆಂದು ರಿಕ್ಷಾ ಹತ್ತಿದರು. ಬೇಜಾರು ಮಾಡಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅನುಮತಿ ಬಂತು. ನೀರಿಗೆ ದಾರಿಯಾಗಿ ಬೈಲಿನ ಅಂಚಿನಲ್ಲಿ ಸಿಮೆಂಟು ಪೈಪು ಹಾಕಬೇಕೆಂಬ ಷರತ್ತಿನ ಜೊತೆ ಬಂತು. ಟಿಪ್ಪರುಗಳು ಓಣಿಯಲ್ಲಿ ಸಾಲುಗಟ್ಟಿದವು. ಎಲ್ಲಿಯದೋ ಗುಡ್ಡ ಕಡಿದ ಕೆಂಪು ಮಣ್ಣು ಬೈಲಿಗೆ ಬಿದ್ದು ಹಾಜಿಯವರ ಹೊಸ ಮೆಟ್ಟಿಲಿನ ಎತ್ತರಕ್ಕೆ ಬಂದು ನಿಂತಿತು. ಪೈಪನ್ನೂ ಹಾಕಿದರು. ಅದರ ಬಾಯಿ ತೋಡಿನ ತಳಕ್ಕಿಂತ ಮೇಲೆ, ಉಬ್ಬರದ ಮಟ್ಟಕ್ಕಿಂತ ಕೆಳಗೆ. ಮಳೆ ಕಡಿಮೆಯಿದ್ದಾಗ ನೀರು ಅದಕ್ಕೆ ಏರುವುದಿಲ್ಲ, ಹೆಚ್ಚಿದ್ದಾಗ ಉಬ್ಬರ ಅದನ್ನು ಮುಚ್ಚುತ್ತದೆ. ನಾನು ಮಟ್ಟಗಳನ್ನು ಅಳೆದು, ನಕ್ಷೆ ಬರೆದು ಕಚೇರಿಗೆ ಕೊಟ್ಟೆ. ಪೈಪು ಹಾಕಿದ್ದಾರೋ ಇಲ್ಲವೋ ಎಂದು ಕೇಳಿದರು. ಹಾಕಿದ್ದಾರೆ ಎಂದೆ. ಮತ್ತೇನು ಎಂದರು.

ಅದರ ಬೆನ್ನಿಗೇ ಅಕ್ಕನ ಮನೆಯ ಬಾಗಿಲಿಗೆ ನೋಟಿಸು ಅಂಟಿತು. ಕಟ್ಟಡವು ಶಿಥಿಲವಾಗಿರುವುದು ತಾಂತ್ರಿಕ ಪರಿಣತರ ಹೇಳಿಕೆಯಿಂದ ತಿಳಿದುಬಂದಿರುವುದರಿಂದ ಮಳೆಗಾಲಕ್ಕೆ ಮುಂಚೆ ಖಾಲಿ ಮಾಡತಕ್ಕದ್ದು, ತಪ್ಪಿದಲ್ಲಿ ಮುಂದಿನ ಹಾನಿಗೆ ನಿವಾಸಿಗಳೇ ಹೊಣೆ. ತಾಂತ್ರಿಕ ಪರಿಣತರು ಎಂದರೆ ನಾನು. ಬಾಗಿಲಲ್ಲಿ ನಿಂತು ಅದನ್ನು ಓದುವಾಗ ನನಗೆ ಮೈ ಉರಿಯಿತು, ಅಳುವೂ ಬಂತು. ಹಾಜಿಯವರು ತಮ್ಮ ಎತ್ತರದ ಜಗಲಿಯಿಂದ ಇಳಿದು ಬಂದರು. ನನ್ನ ಮನೆ ಎತ್ತಿಸದಿದ್ದರೆ ಇವರ ಮನೆ ಉಳಿಯುತ್ತಿತ್ತು ಅಲ್ಲವೇ ಎಂದು ಕೇಳಿದರು. ಅಲ್ಲ ಎಂದೆ, ಅನುಮತಿ ಕೊಡುವವರು ಇನ್ನೊಂದು ಕಾರಣ ಹುಡುಕುತ್ತಿದ್ದರು ಎಂದೆ. ಅವರು ನಂಬಲಿಲ್ಲ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಅಕ್ಕ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಗ್ರೈಂಡರುಗಳ ಸದ್ದು, ಹೊರಹರಿಯುವ ಹುಳಿ ನೀರು, ಮೂರು ಫೇಸಿನ ಕರೆಂಟು. ಯಾವ ಬಾಡಿಗೆ ಮನೆಯವರು ಒಪ್ಪುತ್ತಾರೆ?

ಮೊದಲ ದೊಡ್ಡ ಮಳೆ ಹಾಡಹಗಲೇ ಬಂತು, ಉಬ್ಬರದ ಹೊತ್ತಿಗೆ. ಹಾಜಿಯವರು ಫೋನು ಮಾಡಿದರು. ನಾನು ಸುರತ್ಕಲ್ಲಿನ ಕೆಲಸ ಬಿಟ್ಟು ಬರುವಾಗ ಓಣಿಯ ಬಾಯಿಯಲ್ಲೇ ನೀರು ತೊಡೆ ಮುಟ್ಟುತ್ತಿತ್ತು. ತೋಡಿನ ನೀರು ಬೈಲಿನ ಕಡೆ ಹೋಗಿ, ಹೊಸದಾಗಿ ತುಂಬಿಸಿದ ಮಣ್ಣಿಗೆ ಬಡಿದು, ತಿರುಗಿ ಬರುತ್ತಿತ್ತು. ಹಾಜಿಯವರ ಮಕ್ಕಳೂ ಅಂಗಡಿಯ ಕೆಲಸದವರೂ ಸೇರಿ ಅಕ್ಕನ ಸಣ್ಣ ಗ್ರೈಂಡರುಗಳನ್ನು ಹೊತ್ತು ತಮ್ಮ ಮೆಟ್ಟಿಲು ಹತ್ತಿಸಿದರು. ನೆಲಕ್ಕೆ ಬೋಲ್ಟು ಹಾಕಿದ್ದ ದೊಡ್ಡದು ಅಲ್ಲೇ ಉಳಿಯಿತು. ನೆನೆಹಾಕಿದ ಅಕ್ಕಿಯ ಪಾತ್ರೆಗಳು ಕೋಣೆಯೊಳಗೆ ತೇಲುತ್ತಿದ್ದವು. ನೀರು ಕಿಟಕಿಯ ದಂಡೆ ದಾಟಿತು, ಆ ಮನೆಯಲ್ಲಿ ಯಾರೂ ಕಂಡಿರದ ಮಟ್ಟ. ಹಿಂದೆಲ್ಲ ಇಳಿತದ ಜೊತೆ ಹೋಗುತ್ತಿದ್ದ ನೀರು ಈ ಸಲ ಮರುದಿನವೂ ನಿಂತೇ ಇತ್ತು. ಹಾಜಿಯವರ ಮನೆಯೊಳಗೆ ಒಂದು ಹನಿ ಬರಲಿಲ್ಲ. ನನ್ನ ಸರ್ಟಿಫಿಕೇಟು ಅಕ್ಷರಶಃ ನಿಜವಾಯಿತು.

ಇನ್ನೊಂದೂ ನಿಜವಾಯಿತು. ಅಷ್ಟು ನೀರು ನಿಂತು ಇಳಿದ ಮೇಲೂ ಅಕ್ಕನ ಮನೆಯ ಒಂದು ಕಲ್ಲು ಕದಲಲಿಲ್ಲ. ಬುಡದಿಂದ ಮಾಡಿನ ತನಕ ನಾನು ಗೋಡೆ ಗೋಡೆ ತಟ್ಟಿ ನೋಡಿದೆ. ನಷ್ಟದ ಸರ್ವೆಗೆ ಬಂದ ನೌಕರನಿಗೂ ತೋರಿಸಿದೆ. ಪಾಪ, ಅವನದೇನು ತಪ್ಪು? ಖಾಲಿ ಮಾಡಲು ನೋಟಿಸು ಹೋದ ಮನೆ ಮೇಡಂ, ಇದಕ್ಕೆ ಪರಿಹಾರ ಬರೆಯಲು ನನಗೆ ಆಗುವುದಿಲ್ಲ ಎಂದ. ಆ ವಾರ ಓಣಿಯ ಉಳಿದವರೆಲ್ಲ ನನಗೆ ಫೋನು ಮಾಡಿದರು, ತಮ್ಮ ಮನೆ ಎತ್ತಿಕೊಡಿ ಎಂದು. ಬೈಲು ತುಂಬಿದ ಮೇಲೆ ನನ್ನ ವ್ಯಾಪಾರ ಇಷ್ಟು ಚೆನ್ನಾಗಿ ಹಿಂದೆಂದೂ ನಡೆದಿರಲಿಲ್ಲ.

ಕೆಸರು ತೊಳೆದಾದ ಮೇಲೆ ಅಕ್ಕ ನನ್ನನ್ನು ಕರೆದರು. ಮನೆ ಎತ್ತಲು ಆಗದಿದ್ದರೆ ಬೇಡ, ಗ್ರೈಂಡರುಗಳನ್ನಾದರೂ ಎತ್ತಿ ಇಡಲು ಒಳಗೊಂದು ಕಟ್ಟೆ ಕಟ್ಟಿಸಿಕೊಡಿ ಎಂದರು. ಇಷ್ಟಾದರೂ ನನ್ನ ಕೈಯಲ್ಲಿ ಆಗುತ್ತದಲ್ಲ ಎಂದು ನಾನು ಟ್ಯೂಬು ತಂದು ಮಟ್ಟ ಹಿಡಿದೆ. ಈ ಸಲ ನೀರು ನಿಂತ ಮಟ್ಟ, ಮೇಲೆ ಸ್ವಲ್ಪ ಬಿಡಬೇಕು, ಬರುವ ವರ್ಷ ಫ್ಲ್ಯಾಟಿನ ಕಂಪೌಂಡು ಬಂದರೆ ಇನ್ನೂ ಸ್ವಲ್ಪ. ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಟ್ಟೆ ಇಲ್ಲಿ ತನಕ ಬರಬೇಕು ಅಕ್ಕ ಎಂದೆ. ಗೆರೆ ಅವರ ಎದೆಯ ಮಟ್ಟಕ್ಕಿತ್ತು. ಗ್ರೈಂಡರು ಕೂತರೆ ಅದರ ಬಾಯಿ ತಲೆಯ ಮೇಲೆ.

ಅಕ್ಕ ಗೆರೆಯ ಹತ್ತಿರ ಬಂದು ನಿಂತರು. ಗ್ರೈಂಡರಿಗೆ ಅಕ್ಕಿ ಹಾಕುವವರ ಹಾಗೆ ಕೈ ಎತ್ತಿ ನೋಡಿದರು. ಗ್ರೈಂಡರಿನ ಬಾಯಿ ಬರುವ ಎತ್ತರಕ್ಕೆ ಎಟುಕಲಿಲ್ಲ. ಕಾಲ್ತುದಿಯಲ್ಲಿ ನಿಂತು ಮತ್ತೊಮ್ಮೆ ಎತ್ತಿದರು.

"ಗ್ರೈಂಡರು ಅಲ್ಲಿ ಇಡುವಾ ಮೇಡಂ," ಎಂದರು. "ನಾನು ಎಲ್ಲಿ ನಿಂತುಕೊಳ್ಳುವುದು?"